ಹಾಳು ಬಾವಿಯ ನರಿಗೆ ಸನ್ಮಾನ

ಕಾಡಿನ ವಿಶ್ವವಿದ್ಯಾಲಯದ ಹಿಂದಿದ್ದ ಹಾಳು ಬಾವಿಗೆ ಒಂದು ನರಿ ಬಿತ್ತು. ಬಾವಿಯಲ್ಲಿ ನೀರಿರಲಿಲ್ಲ, ಹತ್ತಿ ಬರಲು ಮೆಟ್ಟಿಲೂ ಇರಲಿಲ್ಲ. ಅದರ ಕೂಗು ಕೇಳಿ ಅಧ್ಯಾಪಕರೆಲ್ಲ ಓಡಿಬಂದರು.

ಭೂವಿಜ್ಞಾನದ ಹೆಗ್ಗಣ ಬಗ್ಗಿ ನೋಡಿ, “ಬಾವಿ ನಮ್ಮ ವಿಭಾಗಕ್ಕೆ ಸೇರಿದ್ದು. ಬಿದ್ದವರು ನಮ್ಮ ವ್ಯಾಪ್ತಿಗೆ ಬರುವುದಿಲ್ಲ” ಎಂದಿತು.

“ಬೀಳುವುದನ್ನು ನಾನು ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಮೇಲೆತ್ತುವುದು ಪಠ್ಯದಲ್ಲಿಲ್ಲ” ಎಂದಿತು ಭೌತಶಾಸ್ತ್ರದ ಕೋತಿ.

ತತ್ತ್ವಶಾಸ್ತ್ರದ ಗೂಬೆ ಕಣ್ಣು ಮುಚ್ಚಿಕೊಂಡು, “ಬಿದ್ದಿದ್ದೀರೆಂದು ನಿಮಗೆ ಹೇಗೆ ಗೊತ್ತು?” ಎಂದು ನರಿಯನ್ನೇ ಕೇಳಿತು.

“ಸೊಂಟ ನೋಯುತ್ತಿದೆಯಲ್ಲ ಸ್ವಾಮಿ!”

ಕಡೆಗೆ ಕುಲಪತಿ ಆನೆ, ಎಲ್ಲ ವಿಭಾಗಗಳೂ ಸೇರಿ ಬಾವಿಕಟ್ಟೆಯ ಬಳಿಯೇ ಮೂರು ದಿನದ ವಿಚಾರ ಸಂಕಿರಣ ನಡೆಸಬೇಕೆಂದು ಅಪ್ಪಣೆ ಕೊಡಿಸಿತು.

ಮೊದಲ ದಿನ ಸ್ವಾಗತ ಭಾಷಣಗಳು ಮುಗಿಯುವಷ್ಟರಲ್ಲಿ ಸಂಜೆಯಾಯಿತು. ಸಂಕಿರಣಕ್ಕೆ ವಿಷಯ ಒದಗಿಸಿದ ನರಿಗೆ ಸನ್ಮಾನ ಮಾಡದೆ ವಂದನಾರ್ಪಣೆ ಮಾಡುವುದುಂಟೇ? ಆನೆ ಸೊಂಡಿಲಿನಲ್ಲಿ ಶಾಲು ಹಿಡಿದು ಬಾವಿಯೊಳಕ್ಕೆ ಇಳಿಬಿಟ್ಟಿತು. ನರಿ ಹಾರಿ ಅದರ ಅಂಚನ್ನು ಕಚ್ಚಿತು. ಆನೆ ಬೆಚ್ಚಿ ಸೊಂಡಿಲೆತ್ತಿತು. ನರಿ ಕಟ್ಟೆ ದಾಟಿ ಹೊರಗೆ ಬಂದು ಬಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. “ಇನ್ನೂ ಎರಡು ದಿನದ ಪ್ರಬಂಧಗಳು ಬಾಕಿ ಇವೆ. ದಯವಿಟ್ಟು ಕೆಳಗಿಳಿಯಿರಿ” ಎಂದಿತು ಹೆಗ್ಗಣ.

ನರಿ ಶಾಲನ್ನು ಕೊಡವಿ ಹೊದ್ದುಕೊಂಡು, “ಬಾವಿ ಎಲ್ಲಿಗೂ ಹೋಗುವುದಿಲ್ಲ ಸ್ವಾಮಿ. ಈ ಸಲ ವಿಷಯ ತಿಳಿದವರೇ ಯಾರಾದರೂ ಇಳಿಯಿರಿ” ಎಂದು ಕುಂಟುತ್ತಾ ಹೊರಟುಹೋಯಿತು.