ಗದ್ದುಗೆಗೆ ಬಿಸಿಲು

“ನಲವತ್ತು ದಿನದಲ್ಲಿ ಈ ಗಿಡ ಹೂ ಬಿಡಬೇಕು. ಬಿಡದಿದ್ದರೆ ಈರಕ್ಕ ಕೋಟೆಯಿಂದ ಹೊರಗೆ.”

ಕರೆಕಲ್ಲು ಕೋಟೆಯ ಚಿಕ್ಕೋಬಳನಾಯಕರು ಹೀಗೆ ಅಪ್ಪಣೆ ಮಾಡಿದರು. ಮುದ್ರೆಯನ್ನೂ ಒತ್ತಿಸಿದರು.

ಗಿಡ ಅಂದರೆ ಒಂದು ಕನಕಾಂಬರ. ಮಣ್ಣಿನ ಕುಂಡದಲ್ಲಿತ್ತು. ನಾಯಕರ ಹೆಂಡತಿ ನಾಗತಿ ಹೊನ್ನವ್ವ ನೆಟ್ಟದ್ದು. ಅವರು ತೀರಿಕೊಂಡು ಹನ್ನೊಂದು ತಿಂಗಳಾಗುತ್ತಾ ಬಂದಿತ್ತು. ವರ್ಷದ ತಿಥಿಗೆ ಆ ಗಿಡದ್ದೇ ಹೂ ಬೇಕು ಅಂತ ನಾಯಕರ ಹಟ.

ಗಿಡ ಒಳಚಾವಡಿಯಲ್ಲಿತ್ತು. ಗದ್ದುಗೆಯ ಎಡಕ್ಕೆ, ನಾಗತಿ ಕೂರುತ್ತಿದ್ದ ಜಾಗದಲ್ಲಿ. ಅವರು ಹೋದ ದಿನವೇ ನಾಯಕರು ಕಿಟಕಿಗಳನ್ನೆಲ್ಲ ಮುಚ್ಚಿಸಿದ್ದರು. ತಾವೂ ಹೊರಗೆ ಬಂದಿರಲಿಲ್ಲ. ಸತ್ತವರು ಇಟ್ಟದ್ದು ಇಟ್ಟಲ್ಲೇ ಇರಲಿ ಅನ್ನಿಸುತ್ತದೆ. ಆದರೆ ಗಿಡಕ್ಕೆ ಅದು ತಿಳಿಯುವುದಿಲ್ಲ. ಎಲೆ ಹಳದಿಯಾಗಿತ್ತು.

ತೋಟದ ಈರಕ್ಕ ಗಿಡ ಸಾಯುತ್ತದೆ ಅಂತ ಹೆದರಿ, ಅಪ್ಪಣೆಗೆ ಮೊದಲೇ ಒಮ್ಮೆ ಅದನ್ನು ಮಧ್ಯಾಹ್ನ ಅಂಗಳಕ್ಕಿಟ್ಟಿದ್ದಳು. ಹನ್ನೊಂದು ತಿಂಗಳು ಕತ್ತಲಲ್ಲಿದ್ದ ಗಿಡ. ನಾಲ್ಕು ಎಲೆ ಸುಟ್ಟುಹೋದವು. ಅದಕ್ಕೇ ನಾಯಕರಿಗೆ ಸಿಟ್ಟು ಬಂದದ್ದು. ಅಪ್ಪಣೆಗೆ ಇನ್ನೊಂದು ಸಾಲು ಸೇರಿತು: “ಗಿಡ ಗದ್ದುಗೆಯಿಂದ ಒಂದು ಗೇಣಿಗಿಂತ ಆಚೆ ಹೋಗಕೂಡದು. ಕಿಟಕಿಯನ್ನೂ ತೆಗೆಯಕೂಡದು.”

“ಬುದ್ಧೀ, ಇದಕ್ಕೆ ಬೆಳಗಿನ ಎಳೆಬಿಸಿಲು ಬೇಕು” ಅಂದಳು ಈರಕ್ಕ. “ಅವ್ವಾವರು ದಿನಾ ತಾವೇ ಹೊತ್ತು ಜಗಲಿಗಿಡೋರು. ಬಿಸಿಲು ಚುರುಕಾದ ಮೇಲೆ ಒಳಕ್ಕೆ ತರೋರು.”

“ಸುಳ್ಳು! ಎಂಟು ವರ್ಷ ನಾನು ಚಾವಡಿಗೆ ಬಂದಾಗಲೆಲ್ಲ ಗಿಡ ಇಲ್ಲೇ ಇತ್ತು.”

ನಾಯಕರು ಏಳುತ್ತಿದ್ದದ್ದೇ ಬಿಸಿಲು ಚುರುಕಾದ ಮೇಲೆ. ಅದನ್ನು ಅವರ ಮುಖಕ್ಕೆ ಹೇಳುವವರು ಯಾರು?

ಈರಕ್ಕ ತಿಪ್ಪಯ್ಯನ ಹತ್ತಿರ ಹೋಗಿ ಅತ್ತಳು. ತಿಪ್ಪಯ್ಯ ಆಸ್ಥಾನದ ಮಾತುಗಾರ. ಅವನಿಗೆ ಬೇರೆ ಕೆಲಸ ಇರಲಿಲ್ಲ.

“ಈ ವಯಸ್ಸಲ್ಲಿ ನಾನು ಎಲ್ಲಿಗೆ ಹೋಗಲಿ ತಿಪ್ಪಣ್ಣ?”

“ಎಲ್ಲಿಗೂ ಬೇಡ. ಎಷ್ಟು ಬಿಸಿಲು ಬೇಕು ಹೇಳು.”

“ನಾಲ್ಕು ಗಳಿಗೆ. ಮೊದಮೊದಲು ಅಷ್ಟೂ ಬೇಡ.”

“ಆಯ್ತು. ಮನೆಗೆ ಹೋಗಿ ಮುದ್ದೆ ಉಣ್ಣು.”

ಮಾರನೆಯ ದಿನ ತಿಪ್ಪಯ್ಯ ಗದ್ದುಗೆಯ ಹತ್ತಿರವೇ ಕೂತ. ಸ್ವಲ್ಪ ಹೊತ್ತಿಗೆ ತೊಡೆ ತುರಿಸಿಕೊಂಡ. ಆಮೇಲೆ ಬೆನ್ನು. ಆಮೇಲೆ ಜರುಗಿ ದೂರ ಕೂತ.

“ಏನೋ ಅದು ತಿಪ್ಪ?”

“ಏನಿಲ್ಲ ಬುದ್ಧಿ.”

“ಹೇಳೋ.”

“ಗದ್ದುಗೆ ಹತ್ತಿಯ ಗಾದಿ. ಹನ್ನೊಂದು ತಿಂಗಳಿಂದ ಬಿಸಿಲು ಕಂಡಿಲ್ಲ. ದೊರೆಗಳ ಮುಂದೆ ಅದರ ಹೆಸರು ಹೇಗೆ ಹೇಳಲಿ?”

“ಯಾವುದರ ಹೆಸರು?”

“ತಿಗಣೆ.”

ನಾಯಕರ ಕೈ ಬೆನ್ನಿಗೆ ಹೋಯಿತು. ದಳವಾಯಿಯ ಕೈ ಕುತ್ತಿಗೆಗೆ ಹೋಯಿತು. ಪುರೋಹಿತರು ಮಂತ್ರ ನಿಲ್ಲಿಸಿ ಮೊಣಕಾಲು ತುರಿಸಿಕೊಂಡರು. ಚಾವಡಿಯಲ್ಲಿ ಪರಪರ ಸದ್ದು.

“ಸುಡ್ರೋ ಇದನ್ನ!”

“ತಾತನವರ ಗದ್ದುಗೆ, ಬುದ್ಧಿ. ಸುಡಬಾರದು. ಬೆಳಗಿನ ಬಿಸಿಲಿಗೆ ಹಾಕಿದರೆ ಸಾಕು.”

“ಹಾಗಾದರೆ ಎತ್ತಿಕೊಂಡು ಹೋಗು.”

“ಖಾಲಿ ಗದ್ದುಗೆಯನ್ನೇ? ನಮ್ಮ ಕೋಟೆಯಲ್ಲಿ ಅದು ಹೊರಗೆ ಬರೋದು ನಾಯಕರು ತೀರಿಕೊಂಡ ದಿನ ಮಾತ್ರ. ಪಕ್ಕದ ಪಾಳೆಯಗಾರ ಗುಡ್ಡದ ಮೇಲಿಂದ ನೋಡಿದರೆ ದಂಡು ಕಟ್ಟಿಕೊಂಡು ಬರ್ತಾನೆ.”

ನಾಯಕರು ತುರಿಸಿಕೊಳ್ಳುತ್ತಾ ಯೋಚಿಸಿದರು. “ಹಾಗಾದರೆ ನಾನೇ ಅದರ ಮೇಲೆ ಕೂರಬೇಕೋ?”

“ಬೇರೆ ಯಾರು ಕೂತರೂ ತಪ್ಪಾಗ್ತದೆ, ಬುದ್ಧಿ.”

ಮರುದಿನ ಕೋಳಿ ಕೂಗುವಾಗಲೇ ನಾಯಕರನ್ನು ಎಬ್ಬಿಸಿದರು. ಗದ್ದುಗೆ ಮೂಡಣ ಜಗಲಿಗೆ ಬಂತು. ಅದರ ಎಡಕ್ಕೆ, ಒಂದು ಗೇಣಿನಲ್ಲಿ, ಈರಕ್ಕ ಕುಂಡ ತಂದಿಟ್ಟಳು.

“ಇದ್ಯಾಕೆ ಇಲ್ಲಿ?”

“ತಮ್ಮ ಅಪ್ಪಣೆ. ಗದ್ದುಗೆಯಿಂದ ಗೇಣಿಗಿಂತ ಆಚೆ ಹೋಗಕೂಡದು” ಅಂದ ತಿಪ್ಪಯ್ಯ.

ನಾಯಕರು ಗದ್ದುಗೆಯ ಮೇಲೆ ಕೂತರು. ಹನ್ನೊಂದು ತಿಂಗಳ ಮೇಲೆ ಅವರ ಮುಖಕ್ಕೆ ಬಿಸಿಲು ಬಿತ್ತು. ಕಣ್ಣು ಕಿರಿದು ಮಾಡಿದರು. ಎರಡು ಗಳಿಗೆಗೆ ಅವರ ಬೋಳುತಲೆ ಕಾಯಿತು.

“ಕೊಡೆ ತನ್ನಿ!”

“ಕೊಡೆ ಬೇಡ ಬುದ್ಧಿ, ಇವತ್ತಿಗೆ ಗಾದಿಗೆ ಸಾಕು” ಅಂದ ತಿಪ್ಪಯ್ಯ. ಎಲ್ಲವೂ ಒಳಗೆ ಹೋಯಿತು. ಗಿಡವೂ ಹೋಯಿತು.

ಹೀಗೇ ದಿನ ಕಳೆಯಿತು. ನಾಯಕರ ತಲೆ ಕಾದರೆ ಗಿಡ ಒಳಗೆ. ದಿನದಿನಕ್ಕೆ ತಲೆಗೂ ಅಭ್ಯಾಸವಾಯಿತು. ಕೊಡೆ ಕೇಳುವುದು ನಾಲ್ಕು ಗಳಿಗೆಗೆ ಬಂದು ನಿಂತಿತು. ಜಗಲಿಯ ಮುಂದೆ ಹೋಗುವ ಜನ ಕೈಮುಗಿದರು. ನಾಯಕರು ಒಬ್ಬ ಮುದುಕನ ಎಮ್ಮೆಯ ಕಾಲುನೋವು ವಿಚಾರಿಸಿದರು. ಒಂದು ದಿನ ಎರಡನೇ ಸಲ ರೊಟ್ಟಿ ಹಾಕಿಸಿಕೊಂಡರು. ಅಡುಗೆಯವಳು ಒಳಗೆ ಹೋಗಿ ಕಣ್ಣೊರೆಸಿಕೊಂಡಳು.

ನಲವತ್ತನೇ ದಿನ ತಿಥಿ. ಬೆಳಿಗ್ಗೆ ಜಗಲಿಯಲ್ಲಿ ನೋಡಿದರೆ ಗಿಡದ ಮೂರು ತೆನೆಯಲ್ಲಿ ಹೂವಿತ್ತು.

ನಾಯಕರು ಬಹಳ ಹೊತ್ತು ನೋಡಿದರು. ಆಮೇಲೆ ಗಾದಿಯನ್ನು ಮಗುಚಿ ಹಾಕಿದರು.

“ತಿಪ್ಪ, ಒಂದು ತಿಗಣೆ ತೋರಿಸು.”

“ಇಲ್ಲ ಬುದ್ಧಿ. ಯಾವತ್ತೂ ಇರಲಿಲ್ಲ.”

“ಮತ್ತೆ ನಾನು ತುರಿಸಿಕೊಂಡದ್ದು?”

“ನಾನು ಹೆಸರು ಹೇಳಿದೆ ಅಷ್ಟೇ. ತುರಿಸಿಕೊಂಡದ್ದು ತಾವು.”

“ನನ್ನ ಅಪ್ಪಣೆ ಮುರಿದೆಯಲ್ಲೋ!”

“ಅಳೆದು ನೋಡಿ.”

ನಾಯಕರು ಕೈ ಚಾಚಿ ಅಳೆದರು. ಗದ್ದುಗೆಯಿಂದ ಕುಂಡಕ್ಕೆ ಸರಿಯಾಗಿ ಒಂದು ಗೇಣು. ಅವರಿಗೆ ನಗು ಬಂತು. ನಕ್ಕರು. ಆ ದನಿ ಕೇಳಿ ಎಷ್ಟು ದಿನವಾಗಿತ್ತೋ.

“ಈರಕ್ಕ, ನೀನು ಕೋಟೆಯಲ್ಲೇ ಇರು. ಅವಳು ದಿನಾ ಹೊರುತ್ತಿದ್ದದ್ದು ನಿಜವೇ?”

“ನಿಜ ಬುದ್ಧಿ. ತಾವು ಮಲಗಿರ್ತಿದ್ರಿ.”

ಬಿಸಿಲು ಚುರುಕಾಗಿತ್ತು. ಈರಕ್ಕ ಕುಂಡಕ್ಕೆ ಕೈ ಹಾಕಿದಳು.

“ಬಿಡು. ಇನ್ನು ನಾನು ಹೊರುತ್ತೇನೆ.”

ಎರಡೂ ಕೈಯಲ್ಲಿ ಕುಂಡ ತಬ್ಬಿ ಎತ್ತಿದರು. ಹೊಸಿಲ ಹತ್ತಿರ ತಿಪ್ಪಯ್ಯ ಕೆಮ್ಮಿದ.

“ಬುದ್ಧೀ, ಬೆನ್ನ ಮೇಲೆ ಏನೋ ಹರೀತಿದೆ.”

ನಾಯಕರ ಬೆನ್ನು ಜುಮ್ಮೆಂದಿತು. ಸುಳ್ಳು ಅಂತ ಗೊತ್ತು. ಆದರೂ ತುರಿಕೆ. ಕೈ ಖಾಲಿ ಇಲ್ಲ. ಕುಂಡ ಇಳಿಸಲು ಮನಸ್ಸಿಲ್ಲ.

“ಲೋ ತಿಪ್ಪಾ, ಬಹುಮಾನ ಆಮೇಲೆ ಕೊಡ್ತೀನಿ. ಮೊದಲು ಬೆನ್ನು ತುರಿಸೋ!”

“ಅಪ್ಪಣೆಗೆ ಮುದ್ರೆ ಬೇಕಲ್ಲ, ಬುದ್ಧಿ” ಅಂದ ತಿಪ್ಪಯ್ಯ.