ಪಾತಾಳಜ್ಜಿಯ ಮಡಕೆ ಬಿರಿದದ್ದು

ಕಣ್ಣು ಮುಚ್ಚು, ಹೇಳ್ತೀನಿ. ಒಂದಾನೊಂದು ಕಾಲದಲ್ಲಿ ಬಂಡೆ ಅನ್ನೋದೇ ಹುಟ್ಟಿರಲಿಲ್ಲವಂತೆ, ನೆಲವೆಲ್ಲಾ ಬರೀ ಮೆತ್ತನೆ ಮಣ್ಣಂತೆ. ಆ ನೆಲದಡಿ ಪಾತಾಳಜ್ಜಿ ಅಂತ ಒಬ್ಬಳು ಮುದುಕಿ ಬೆಟ್ಟದಷ್ಟು ದೊಡ್ಡ ಮಡಕೇಲಿ ಕೆಂಪಗೆ ಕೊತಕೊತ ಅಂತ ಗಂಜಿ ಕಾಯಿಸ್ತಾ ಇದ್ದಳಂತೆ. ಎಂಥ ಗಂಜಿ ಅಂತೀಯಾ, ಕಬ್ಬಿಣ, ತಾಮ್ರ, ಚಿನ್ನ, ಕಲ್ಲಾಗೋ ರಸ, ನೀರು, ಎಲ್ಲಾ ಒಂದರೊಳಗೊಂದು ಕರಗಿಹೋಗಿತ್ತಂತೆ.

ಒಲೆ ನೋಡಿಕೊಳ್ಳೋಕೆ ಗಾದ್ರಿ, ಬೋರ, ಚಿತ್ತ ಅಂತ ಮೂವರು ಅಣ್ಣತಮ್ಮಂದಿರು ಇದ್ದರಂತೆ. ಒಂದು ದಿನ ಪಾತಾಳಜ್ಜಿ, ಇದು ತಾನಾಗೇ ಆರಲಿ ಕಣ್ರೋ, ಆರಿದ ಮೇಲೆ ಚಿನ್ನ ಬೇರೆಯಾಗುತ್ತೆ, ಮೂವರಿಗೂ ಹಂಚ್ತೀನಿ, ಅಲ್ಲೀತನಕ ಯಾರೂ ಮುಟ್ಟಬೇಡಿ ಅಂತ ಹೇಳಿ ಎಲ್ಲಿಗೋ ಹೋದಳಂತೆ.

ಅವಳು ಅತ್ತ ಹೋದಳೋ ಇಲ್ಲವೋ, ಗಾದ್ರಿಗೆ ಅನುಮಾನ. ಈ ಮುದುಕಿ ಸುಳ್ಳಿ, ಚಿನ್ನಾನೂ ಇಲ್ಲ ಗಿನ್ನಾನೂ ಇಲ್ಲ ಅಂತ ಮುಚ್ಚಳ ಎತ್ತಿದನಂತೆ. ಗಂಜಿ ಬುಸ್ಸಂತ ಉಕ್ಕಿ, ನೆಲ ಸೀಳಿಕೊಂಡು ಮೇಲೆ ಬಂದು, ಗಾಳಿ ತಾಗಿದ್ದೇ ತಡ ಕರ್ರಗೆ ನುಣ್ಣನೆ ಕಲ್ಲಾಗಿ ಕೂತುಬಿಡ್ತಂತೆ. ಆಮೇಲೆ ಬೋರನಿಗೆ ಅಣ್ಣನ ಮೇಲೇ ಅನುಮಾನ. ಇವನು ಚಿನ್ನ ಎತ್ತಿಟ್ಟುಕೊಂಡ ಅಂತ ಸೌಟು ಇಳಿಬಿಟ್ಟು ತಳ ಕೆದಕಿದನಂತೆ, ಸಿಕ್ಕಿದ್ದು ಭಾರಕ್ಕೆ ಕೆಳಗಿಳಿದಿದ್ದ ಕಬ್ಬಿಣ. ಆಮೇಲೆ ಚಿತ್ತ, ಇವರಿಬ್ಬರೂ ಸೇರಿ ನನಗೆ ಮೋಸ ಮಾಡ್ತಾವ್ರೆ ಅಂತ ಸಿಟ್ಟಿಗೆ ಮಡಕೆಗೇ ಬಾರಿಸಿದನಂತೆ. ಮಡಕೆ ಬಿರೀತು. ಅದರೊಳಗಿನ ಬಿಸಿನೀರು ಚಿನ್ನ, ತಾಮ್ರ ಹೊತ್ತುಕೊಂಡು ಕಲ್ಲಿನ ಸಂದಿಗೆಲ್ಲಾ ನುಗ್ಗಿ ಅಲ್ಲೇ ಆರಿಹೋಯ್ತಂತೆ. ಮಡಕೇಲಿ ಉಳಿದದ್ದು ನಿಧಾನಕ್ಕೆ ಆರಿ, ಕಲ್ಲುಸಕ್ಕರೆ ಥರ ಹರಳುಗಟ್ಟಿ ದೊಡ್ಡ ಬಂಡೆ ಆಯ್ತಂತೆ.

ಪಾತಾಳಜ್ಜಿ ಬಂದು ನೋಡಿದಳು, ಬೈಯಲಿಲ್ಲವಂತೆ. ನಿಮ್ಮ ಪಾಲು ಕಲ್ಲಿನ ಸಂದೀಲಿ ಕೂತಿದೆ, ಹೋಗಿ ಕಿತ್ತುಕೊಳ್ಳಿ ಅಂತ ಮೂವರನ್ನೂ ಮೇಲಕ್ಕೆ ಅಟ್ಟಿಬಿಟ್ಟಳಂತೆ.

ಅವರು ಆ ಕರೀ ಕಲ್ಲಿನ ಜಾಡು ಹಿಡಿದು ಅಗೆದರು, ಅಗೆದರು, ಬಾವಿಯಷ್ಟು ಆಳ ಆಯ್ತಂತೆ. ಇನ್ನು ಒಬ್ಬ ಇಳೀಬೇಕು, ಇಬ್ಬರು ಹಗ್ಗ ಹಿಡೀಬೇಕು. ಇಳಿಯೋರು ಯಾರು? ನೀನು ಹಗ್ಗ ಬಿಟ್ಟರೆ ಅಂತ ಇವನು, ನೀನು ಬಿಟ್ಟರೆ ಅಂತ ಅವನು, ಮುಖ ಮುಖ ನೋಡಿಕೊಂಡು ಹಸಕೊಂಡು ಕೂತರಂತೆ. ಕೊನೆಗೆ ಹಸಿವು ತಡೀಲಾರದೆ ಚಿತ್ತನೇ ಇಳಿದನಂತೆ.

ಬಿಟ್ಟುಬಿಟ್ರಾ ಅಜ್ಜಿ?

ತಾಳೇ. ಕೆಳಗೆ ಸಂದೀಲಿ ಹಳದಿ ಗೆರೆ ಹೊಳೀತಿತ್ತಂತೆ. ಒಡೆದು ಮಡಿಲಿಗೆ ಕಟ್ಟಿಕೊಂಡು ಮೇಲೆ ಹತ್ತುವಾಗ ಕಾಲು ಜಾರಿ, ಹಗ್ಗ ಸರಕ್ ಅಂತ ಇಳಿದು, ಗಕ್ಕನೆ ನಿಂತಿತಂತೆ. ಅಣ್ಣಾ, ಹಿಡಿದಿದ್ದೀರಾ ಅಂತ ಕೂಗಿದನಂತೆ. ಮೇಲಿಂದ ಮಾತೇ ಇಲ್ಲ. ಹೋಯ್ತು, ನನ್ನನ್ನ ಇಲ್ಲೇ ಹೂಳ್ತಾರೆ ಅಂತ ಹಗ್ಗ ತಬ್ಬಿಕೊಂಡನಂತೆ.

ಆದರೆ ಹಗ್ಗ ಒಂದೊಂದೇ ಮೊಳ ಮೇಲಕ್ಕೆ ಬಂತಂತೆ. ಹತ್ತಿ ಬಂದು ನೋಡ್ತಾನೆ, ಅಣ್ಣಂದಿರ ಅಂಗೈ ಚರ್ಮವೆಲ್ಲಾ ಸುಲಿದು ರಕ್ತ. ಯಾಕ್ರೋ ಮಾತಾಡಲಿಲ್ಲ ಅಂತ ಕೇಳಿದರೆ, ಬಾಯಿ ಬಿಟ್ಟರೆ ಬಿಗಿ ಸಡಿಲ ಆಗ್ತಿತ್ತು ಕಣೋ ಅಂದನಂತೆ ಗಾದ್ರಿ. ಚಿತ್ತ ಗೊಳೋ ಅಂತ ಅತ್ತು, ಮಡಿಲಲ್ಲಿದ್ದದ್ದನ್ನೆಲ್ಲಾ ಅವರ ಮುಂದೆ ಸುರಿದು, ತನ್ನ ಪಂಚೆ ಹರಿದು ಇಬ್ಬರ ಕೈಗೂ ಕಟ್ಟಿದನಂತೆ.

ಆಮೇಲೆ ಮೂವರೂ ಅಲ್ಲೇ ಮನೆ ಕಟ್ಟಿಕೊಂಡು, ಮದುವೆ ಮಾಡಿಕೊಂಡು, ಸರದಿ ಮೇಲೆ ಒಬ್ಬೊಬ್ಬರೇ ಇಳೀತಾ ಚೆನ್ನಾಗಿ ಬಾಳಿದರಂತೆ. ಮುಗೀತು ಕಣೆ ಕತೆ, ಇನ್ನು ಮಗ್ಗುಲಾಗು.