ಒಂದೇ ಗುರುತಿನ ಯಂತ್ರಗಳು

ಗುರು ಚಂಪಕಮ್ಮ ಯಾವ ಯಂತ್ರವನ್ನು ಕೈಗೆತ್ತಿಕೊಂಡರೂ ಮೊದಲು ಸೆರಗಿನಿಂದ ಒರೆಸುತ್ತಿದ್ದರು. ಹೊಸದಾದರೂ ಒರೆಸುತ್ತಿದ್ದರು.

ಹೊಳೆದಂಡೆಯ ಅವರ ಆಶ್ರಮದಲ್ಲಿ ಒಂದೇ ವಿದ್ಯೆ. ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕಂಪ್ಯೂಟರುಗಳಲ್ಲಿ ಸದ್ದು ಕೆಟ್ಟರೆ, ಅದನ್ನು ಹೊರಡಿಸುವ ‘ಡ್ರೈವರ್’ ಎಂಬ ತಂತ್ರಾಂಶವನ್ನು ತಿದ್ದುವುದು.

ಒಂದು ಮಧ್ಯಾಹ್ನ ಕಣ್ಣು ಕಾಣದ ವಿರೂಪಣ್ಣ ತಮ್ಮ ಯಂತ್ರ ಹಿಡಿದು ಗೇಟು ದೂಡಿಕೊಂಡು ಬಂದರು.

“ಯಾರ್ರೀ ಪ್ರಣೀತ ಅಂದ್ರ? ನೀವು ತಿದ್ದಿದ ಡ್ರೈವರ್ ಹಾಕ್ಕೊಂಡೆ. ಚಟ್ ಅಂತು, ಸ್ಪೀಕರ್ ಸುಟ್ಟೇ ಹೋತು! ನಾ ಕಿವಿಯಿಂದ ಆಡಾಂವ. ಈಗೇನು, ಮೂಸಿ ನೋಡಿ ಆಡ್ಲಾ?”

ಶಿಷ್ಯ ಪ್ರಣೀತ ಕೆರಳಿದ.

“ಅಮ್ಮಾ, ತಪ್ಪು ನನ್ನದಲ್ಲ. ದೊಡ್ಡ ಮಾದರಿಯಲ್ಲಿ ಸದ್ದು ತೀರಾ ಕಮ್ಮಿ ಇತ್ತು, ಏರಿಸಿದೆ. ಡ್ರೈವರ್ ಯಂತ್ರವನ್ನು ತಿಳಿಯೋದು ಒಳಗಿನ ಗುರುತಿನ ಸಂಖ್ಯೆಯಿಂದ; ಕಂಪನಿಯವರು ಇವರ ಚಿಕ್ಕ ಮಾದರಿಗೂ ಅದೇ ಗುರುತು ಕೊಟ್ಟಿದ್ದಾರೆ. ಮೂರ್ಖರು! ಅವರನ್ನು ಬೈಯಿರಿ.”

“ಚಿಕ್ಕದನ್ನು ಕೈಯಲ್ಲಿ ಹಿಡಿದು ನೋಡಿದ್ದೆಯಾ?”

“ಗುರುತು ಒಂದೇ ಇತ್ತಲ್ಲ. ನೋಡೋದೇನಿದೆ?”

“ನಿನ್ನ ಯಂತ್ರ ತಾ.”

ತಂದ. ಗುರು ಒರೆಸಿ ವಾಪಸು ಕೊಟ್ಟರು.

“ಇದರಲ್ಲೂ ಅಷ್ಟೇ ಏರಿಸು.”

“ಅಯ್ಯೋ, ಬೇಡ! ಇದರ ಸ್ಪೀಕರ್ ತಡೆಯಲ್ಲ.”

“ಯಾರು ಹೇಳಿದರು?”

“ಯಾರು ಹೇಳಬೇಕು? ನನ್ನದಲ್ವಾ, ಬಿಚ್ಚಿ ನೋಡಿದ್ದೀನಿ.”

ಗುರು ಎದ್ದು ನಿಂತರು. ಆಶ್ರಮದಲ್ಲಿ ಯಾರೂ ಕೇಳಿರದಷ್ಟು ಜೋರಾಗಿತ್ತು ಅವರ ದನಿ.

“ನಿನ್ನದನ್ನು ಬಿಚ್ಚಿ ನೋಡ್ತೀಯ. ಇವರದಕ್ಕೆ ಗುರುತು ಸಾಕು!”

ಪ್ರಣೀತ ಮುಖ ಊದಿಸಿಕೊಂಡ. “ಆಯ್ತು ಬಿಡಿ. ಡ್ರೈವರ್ ತಿದ್ದುತ್ತೀನಿ. ಹೊಸ ಸ್ಪೀಕರೂ ತರಿಸಿ ಹಾಕ್ತೀನಿ.”

“ಅಲ್ಲೀತನಕ?” ಎಂದರು ವಿರೂಪಣ್ಣ. “ಆಟದೊಳಗ ನನ್ನ ಸೈನಿಕ ಒಬ್ಬನ ನಿಂತಾನ. ಸುತ್ತ ವೈರಿಗಳು. ಬದುಕ್ಯಾನೋ ಸತ್ತಾನೋ, ನನಗ ಗೊತ್ತಿಲ್ಲ.”

ಗುರು ಸದ್ದು ಹೋದ ಆ ಯಂತ್ರವನ್ನು ಚಾಲೂ ಮಾಡಿ ವಿರೂಪಣ್ಣನ ಕೈಗಿಟ್ಟರು. ಶಿಷ್ಯನ ರಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿದರು.

“ಪರದೆ ಮೇಲೆ ಏನಾಗ್ತಿದೆ, ಇವರಿಗೆ ಹೇಳು.”

ಪ್ರಣೀತ ಪರದೆ ನೋಡಿದ. ವಿರೂಪಣ್ಣ ಕಿವಿಯನ್ನು ಅವನ ಬಾಯಿಯ ಹತ್ತಿರ ತಂದರು. ಬೆರಳು ಗುಂಡಿಯ ಮೇಲಿತ್ತು.

ಪ್ರಣೀತ ಪರದೆಯ ಮೇಲಿನ ವೈರಿಯತ್ತ ಬೆರಳು ತೋರಿಸಿದ.

“ಹೇಳಪ್ಪಾ, ಇವರು ಕಾಯ್ತಿದ್ದಾರೆ,” ಎಂದರು ಗುರು.